ಬ್ರಿಟಿಷ್ ಸೈನಿಕನ ನಂಬರ್ ಓದುವುದು ಹೇಗೆ?

ಮೊದಲ ಮಹಾಯುದ್ಧದ ಪದಕ ಕೈಗೆ ಸಿಗುತ್ತದೆ. ಅಂಚಿನ ನಂಬರನ್ನು ವೆಬ್‌ಸೈಟಿಗೆ ಹಾಕಿದರೆ ಹತ್ತಾರು ಜನ ಸಿಗುತ್ತಾರೆ. ಹೆಸರು ಹೊಂದಿದ ಮೊದಲಿಗನೇ ಮುತ್ತಜ್ಜ ಅಂತ ತೀರ್ಮಾನ! ತುಂಬಾ ಜನ ಎಡವುವುದು ಇಲ್ಲೇ.

1. ಅಂಚಿನಲ್ಲಿರುವ ನಂಬರ್, ಹುದ್ದೆ, ಹೆಸರು, ರೆಜಿಮೆಂಟ್ ಎಲ್ಲವನ್ನೂ ಇದ್ದ ಹಾಗೇ ಬರೆದುಕೊಳ್ಳಿ. ಓದಲು ಆಗದಿದ್ದರೆ ಭೂತಗನ್ನಡಿ ಹಿಡಿಯಿರಿ. ಪಾಲಿಶ್ ಹಾಕಿ ಉಜ್ಜಲೇಬೇಡಿ, ಅಕ್ಷರಗಳೇ ಸವೆದುಹೋಗುತ್ತವೆ.

2. ನಂಬರ್ 1920ಕ್ಕಿಂತ ಹಿಂದಿನದೋ, ಮುಂದಿನದೋ ನೋಡಿ. ಇಡೀ ಸೈನ್ಯಕ್ಕೆ ಒಂದೇ ಸರಣಿ ಬಂದದ್ದು 1920ರಲ್ಲಿ. ಒಂದೊಂದು ರೆಜಿಮೆಂಟಿಗೂ ಇಷ್ಟರಿಂದ ಇಷ್ಟು ಅಂತ ಹಂಚಿದರು. ಉದಾಹರಣೆಗೆ, ಫಿರಂಗಿ ಪಡೆಯಾದ ರಾಯಲ್ ಆರ್ಟಿಲರಿಗೆ 721001ರಿಂದ 1842000. ಅದಕ್ಕೆ ಮುಂಚೆ ಆಯಾ ರೆಜಿಮೆಂಟೇ ನಂಬರ್ ಕೊಡುತ್ತಿತ್ತು. ಶಾಲೆ ಬದಲಿಸಿದರೆ ಹಾಜರಿ ನಂಬರ್ ಬದಲಾಗುತ್ತದಲ್ವಾ, ಹಾಗೆ. ವರ್ಗವಾದವನಿಗೆ ಎರಡು ಮೂರು ನಂಬರ್ ಇರಬಹುದು. ಒಂದೇ ನಂಬರ್ ಎಷ್ಟೋ ಜನರಿಗೂ ಇರಬಹುದು. ಆದ್ದರಿಂದ ರೆಜಿಮೆಂಟ್ ಗೊತ್ತಿಲ್ಲದ ಬರೀ ನಂಬರನ್ನು ನಂಬಬೇಡಿ.

ಟೆರಿಟೋರಿಯಲ್ ಫೋರ್ಸ್ (ಅರೆಕಾಲಿಕ ಸ್ವಯಂಸೇವಕರ ಪಡೆ) ನವನಾದರೆ ಇನ್ನೊಂದು ತಿರುವಿದೆ. ಅಲ್ಲಿ ರೆಜಿಮೆಂಟಿನೊಳಗಿನ ಒಂದೊಂದು ತುಕಡಿಗೂ, ಅಂದರೆ ಬೆಟಾಲಿಯನ್‌ಗೂ, ಬೇರೆ ಸರಣಿ ಇತ್ತು. 1917ರ ಆರಂಭದಲ್ಲಿ ಎಲ್ಲರಿಗೂ ಹೊಸ ನಂಬರ್ ಕೊಟ್ಟರು, ಕಾಲಾಳು ಪಡೆಯವರಿಗೆ ಆರಂಕಿಯದು. ಸಾಮಾನ್ಯವಾಗಿ ರೆಜಿಮೆಂಟಿನ ಮೊದಲ ಟೆರಿಟೋರಿಯಲ್ ಬೆಟಾಲಿಯನ್‌ಗೆ 200001ರಿಂದ, ಎರಡನೆಯದಕ್ಕೆ 240001ರಿಂದ. ಹಾಗಾಗಿ 1915ರ ಕಾಗದದಲ್ಲಿ ನಾಲ್ಕಂಕಿ, 1918ರದರಲ್ಲಿ ಆರಂಕಿ ಕಂಡರೆ ಇಬ್ಬರು ಅಂದುಕೊಳ್ಳಬೇಡಿ. ಒಬ್ಬನೇ ಇರಬಹುದು.

3. ನಂಬರಿಗೆ ಮೊದಲು ಬರುವ ಅಕ್ಷರ ಬಿಡಬೇಡಿ. ಆರ್ಮಿ ಸರ್ವಿಸ್ ಕೋರ್‌ನಲ್ಲಿ ‘ಎಸ್’ ಅಂದರೆ ಸಾಮಗ್ರಿ ಪೂರೈಕೆ, ‘ಎಂ’ ಅಂದರೆ ಮೋಟಾರು ವಿಭಾಗ. ಗಾರ್ಡನ್ ಹೈಲ್ಯಾಂಡರ್ಸ್‌ನಂಥ ಸ್ಕಾಟಿಷ್ ರೆಜಿಮೆಂಟಿನಲ್ಲಿ ಅದೇ ‘ಎಸ್’ ಯುದ್ಧಕಾಲಕ್ಕೆ ಸೇರಿದವರ ಗುರುತು. ಅಕ್ಷರಗಳ ಅರ್ಥ ಹೇಳುವ ಸಿದ್ಧಪಟ್ಟಿಗಳು ರೆಜಿಮೆಂಟ್ ಹೇಳದಿದ್ದರೆ ಕಸಕ್ಕೆ ಸಮ.

4. ಯಾರಿಗೆ ಯಾವ ಪದಕ ಅಂತ ಬರೆದಿಟ್ಟ ಪದಕ ಸೂಚಿ ಕಾರ್ಡಿನ ಪ್ರತಿಯನ್ನು ಲಂಡನ್‌ನ ನ್ಯಾಷನಲ್ ಆರ್ಕೈವ್ಸ್‌ನಿಂದ (ಸರ್ಕಾರಿ ದಾಖಲೆ ಸಂಗ್ರಹ) ತೆಗೆಯಿರಿ. ಎಷ್ಟೋ ಸಲ ಹಳೇ ಹೊಸ ನಂಬರ್ ಎರಡೂ ಒಂದೇ ಕಾರ್ಡಿನಲ್ಲಿ ಸಿಗುತ್ತವೆ. ದುಡ್ಡು ಕಟ್ಟಿ ಹುಡುಕಿಸುವುದೆಲ್ಲ ಆಮೇಲೆ.

5. ಸೇರಿದ ದಿನ ಬೇಕೇ? ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ನಿಮ್ಮವನದೂ ಹೋಗಿದ್ದರೆ ಅದೇ ಸರಣಿಯ ಹಿಂದಿನ, ಮುಂದಿನ ನಂಬರಿನವರ ಕಾಗದ ಹುಡುಕಿ. ಇಬ್ಬರು ಸೇರಿದ ತಾರೀಖಿನ ನಡುವೆ ನಿಮ್ಮವನದೂ ಇರುವ ಸಾಧ್ಯತೆ ಹೆಚ್ಚು. ಬೇರೆ ಕಡೆಯಿಂದ ವರ್ಗವಾಗಿ ಬಂದವನಾದರೆ ಅದು ಬಂದ ದಿನ ಅಷ್ಟೇ, ಸೈನ್ಯಕ್ಕೆ ಸೇರಿದ ದಿನವಲ್ಲ.

ಮುತ್ತಜ್ಜ ಅಧಿಕಾರಿಯಾಗಿದ್ದರೆ ಸುಮ್ನೆ ನಂಬರ್ ಹುಡುಕಬೇಡಿ. ಆ ಯುದ್ಧದಲ್ಲಿ ಅವರಿಗೆ ಇಂಥ ನಂಬರೇ ಇರಲಿಲ್ಲ.