ಸೊಪ್ಪಿನ ಬೆಟ್ಟದಲ್ಲಿ ಮುರುಗಲು: ನನ್ನ ಅನುಭವ

ಶಿರಸಿ ಸೀಮೆಯಲ್ಲಿ ಅಡಿಕೆ ತೋಟವೆಂದರೆ ಅದರ ತಲೆಯ ಮೇಲಿನ ಸೊಪ್ಪಿನ ಬೆಟ್ಟವೂ (ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡುಗುಡ್ಡ) ಸೇರಿಯೇ ಲೆಕ್ಕ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದು ಸುಮ್ಮನೆ ಅಲ್ಲ. ಸೊಪ್ಪು, ದರಕು (ಉದುರಿದ ಒಣ ಎಲೆ), ನೀರು ಎಲ್ಲವೂ ಅಲ್ಲಿಂದಲೇ ಇಳಿಯಬೇಕು. ನನ್ನ ಕೈಗೆ ಬಂದಾಗ ನಮ್ಮ ಬೆಟ್ಟ ಕಡಿದು ಕಡಿದು ಬೋಳಾಗಿತ್ತು. ಅಕೇಶಿಯಾ ಹಾಕು ಎಂದವರೇ ಹೆಚ್ಚು. ನಾನು ಹಳ್ಳದಂಚಿನ ಮರಗಳಡಿ ಬೀಜ ಆಯ್ದು ಹುಳಿಗೆ ಬಳಸುವ ಮುರುಗಲು (ಕೋಕಂ), ಅದೇ ಬಳಗದ ಉಪ್ಪಾಗೆ, ವಾಟೆ, ಹೆಬ್ಬಲಸು, ನೇರಳೆ ಹಾಕಿದೆ. ಮುರುಗಲೇ 60 ಸಸಿ.

ಎಂಟನೆಯ ವರ್ಷ ಹೂ ಬಂತು. ಅರ್ಧದಷ್ಟು ಗಂಡು! ಮುರುಗಲಿನಲ್ಲಿ ಗಂಡು, ಹೆಣ್ಣು ಮರಗಳು ಬೇರೆ ಬೇರೆ. ಬೀಜದ ಸಸಿಯಾದರೆ ಹೂ ಬಿಡುವವರೆಗೂ ಯಾವುದು ಯಾವುದೆಂದು ತಿಳಿಯುವುದಿಲ್ಲ. “ಕಡಿದು ಒಲೆಗೆ ಹಾಕು ತಮ್ಮಾ” ಎಂದರು ಹಿರಿಯರೊಬ್ಬರು. ಎಂಟು ವರ್ಷ ಬೇರು ಬಿಟ್ಟ ಮರವನ್ನು ಕೀಳಲು ಮನಸ್ಸು ಒಪ್ಪಲಿಲ್ಲ. ಎದೆಯೆತ್ತರಕ್ಕೆ ತಲೆ ಸವರಿ, ಒಡೆದ ಚಿಗುರು ಕೊಂಚ ಬಲಿತ ಮೇಲೆ ಒಳ್ಳೆಯ ಹೆಣ್ಣುಮರದ ಕಸಿ ಕಟ್ಟಿದೆ.

ಅಲ್ಲೇ ಎಡವಿದ್ದು. ಕೈಗೆ ಸುಲಭವಾಗಿ ಸಿಕ್ಕಿದ ಪಕ್ಕದ ರೆಂಬೆಗಳ ಕುಡಿ ತಂದಿದ್ದೆ. ಕಸಿ ಚೆನ್ನಾಗಿಯೇ ಹತ್ತಿತು, ಆದರೆ ಗಿಡ ಮೇಲೇಳದೆ ಅಡ್ಡಡ್ಡ ಹರಡಿತು. ಮುರುಗಲಿನ ಅಡ್ಡ ರೆಂಬೆಯ ಕುಡಿ ಕಸಿಯಾದ ಮೇಲೂ ಅಡ್ಡವೇ ಬೆಳೆಯುತ್ತದೆ. ನೆಟ್ಟಗೆ ಮೇಲೇರುವ ಚಿಗುರೇ ಬೇಕು. ಅದು ಒಂದು ಮರದಲ್ಲಿ ಸಿಗುವುದು ಕೆಲವೇ ಕೆಲವು. ಮರುವರ್ಷ ಅಂಥದನ್ನೇ ಹುಡುಕಿ ಕಟ್ಟಿದೆ. ಪರಾಗಕ್ಕೆಂದು ಆರು ಗಂಡುಮರಗಳನ್ನು ಹಾಗೆಯೇ ಉಳಿಸಿಕೊಂಡೆ.

ಈಗ ಏಪ್ರಿಲ್ ಬಂತೆಂದರೆ ಅಂಗಳವೆಲ್ಲ ಕೆಂಪು. ಆಯಿ ಹಣ್ಣನ್ನು ಎರಡು ಹೋಳು ಮಾಡಿ ಬೀಜ ತೆಗೆದು, ಸಿಪ್ಪೆಯನ್ನು ಅದರದೇ ಉಪ್ಪು ಬೆರೆಸಿದ ರಸದಲ್ಲಿ ಅದ್ದಿ ಬಿಸಿಲಿಗೆ ಹಾಕುತ್ತಾಳೆ. ಸಂಜೆ ಮತ್ತೆ ರಸಕ್ಕೆ, ಬೆಳಿಗ್ಗೆ ಮತ್ತೆ ಬಿಸಿಲಿಗೆ. ಬಣ್ಣ ಕಪ್ಪಿಗೆ ತಿರುಗಿ, ಬೆರಳಿಗೆ ಮೆತ್ತಗೆ ಅಂಟುವಂತಾದರೆ ಸಿಪ್ಪೆ ಸಿದ್ಧ. ಬೀಜದಿಂದ ತುಪ್ಪ (ಗಟ್ಟಿಯಾಗುವ ಎಣ್ಣೆ), ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಉಪ್ಪಾಗೆಯ ವಿಷಯದಲ್ಲಿ ನನ್ನದು ಬೇರೆ ನಿಲುವು. ಅದು ಹಣ್ಣಾಗುವುದೇ ಜಡಿಮಳೆಯಲ್ಲಿ, ಒಣಗಿಸಲು ಕಟ್ಟಿಗೆ ಬೇಕು. ಬೆಲೆ ಏರಿದ ವರ್ಷಗಳಲ್ಲಿ ಬಲಿಯದ ಕಾಯಿಯನ್ನು ಕೊಂಬೆ ಸಮೇತ ಇಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಉದುರಿದ ಹಣ್ಣನ್ನು, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಣಗುವಷ್ಟನ್ನು ಮಾತ್ರ ಆಯುತ್ತೇನೆ. ಉಳಿದದ್ದು ಕಾಡುಪ್ರಾಣಿಗಳಿಗೆ.

ಹಿಂದೊಂದು ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆ ಬುಡಕ್ಕೆ ಉದುರಿ ಹೋಯಿತು. ಮುರುಗಲು ಮಾತ್ರ ಮಳೆಗೆ ಮೊದಲೇ ಡಬ್ಬಿ ಸೇರಿತ್ತು. ಆ ವರ್ಷ ಕೂಲಿ ಕೊಟ್ಟದ್ದು ಸಿಪ್ಪೆಯ ದುಡ್ಡಿನಲ್ಲೇ. ಬೆಟ್ಟದ ದರಕು ಈಗ ಕೊಟ್ಟಿಗೆಗೆ ಸಾಕಾಗಿ ಮಿಗುತ್ತಿದೆ. ಮಿಕ್ಕಿದ್ದನ್ನು ಗುಡಿಸುವುದನ್ನೇ ಬಿಟ್ಟಿದ್ದೇನೆ. ಅದರಡಿಯಲ್ಲಿ ಹಕ್ಕಿಗಳು ಬಿತ್ತಿದ ನೇರಳೆ ಸಸಿಗಳು ಎದ್ದಿವೆ, ನಾನು ನೆಟ್ಟದ್ದಕ್ಕಿಂತ ಹೆಚ್ಚು.