ನೆನೆಸಿದ ರದ್ದಿಯಲ್ಲಿ ಗುಂಡಿನ ಪರೀಕ್ಷೆ: ನನ್ನ ಅನುಭವ

ಆತ್ಮರಕ್ಷಣೆಗೆಂದು ಪರವಾನಗಿ ಪಡೆದು ಪಾಯಿಂಟ್ 32 ರಿವಾಲ್ವರ್ ಇಟ್ಟುಕೊಂಡಿರುವ ನಮ್ಮಂಥವರು ವರ್ಷಕ್ಕೆ ಎಷ್ಟು ಕಾಡತೂಸು ಕೊಳ್ಳಬಹುದು, ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದು ಪರವಾನಗಿಯಲ್ಲೇ ನಮೂದಾಗಿರುತ್ತದೆ. ಆದ್ದರಿಂದ ಹಾರಿಸುವ ಒಂದೊಂದು ಗುಂಡಿನಿಂದಲೂ ಏನಾದರೂ ತಿಳಿಯಬೇಕೆಂಬುದು ನನ್ನ ಹಟ. ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ, ದಪ್ಪ ಬಟ್ಟೆ ಅಡ್ಡ ಬಂದರೆ ಏನಾಗುತ್ತದೆ, ಗುರಿಯನ್ನು ದಾಟಿ ಹಿಂದೆ ನಿಂತವರಿಗೆ ತಗಲುವ ಅಪಾಯವೆಷ್ಟು ಎಂಬುದನ್ನು ಗುರಿಹಲಗೆಯ ಮೇಲಿನ ತೂತು ಹೇಳುವುದಿಲ್ಲ.

ಇದಕ್ಕೆ ಒಪ್ಪಿತವಾದ ಅಳತೆಗೋಲು, ನೀರಿನಲ್ಲಿ ಶೇ. 10ರಷ್ಟು ಜೆಲಟಿನ್ ಕರಗಿಸಿ ಹೆಪ್ಪುಗಟ್ಟಿಸಿದ, ಮಾಂಸದ ಬದಲಿಗೆ ಬಳಸುವ ಗಟ್ಟಿ. 1986ರಲ್ಲಿ ಮಯಾಮಿಯ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರನ್ನು ಕಳೆದುಕೊಂಡ ಅಮೆರಿಕದ ಎಫ್‌ಬಿಐ, ತನ್ನ ಗುಂಡುಗಳು ಇಂಥ ಗಟ್ಟಿಯಲ್ಲಿ ಕನಿಷ್ಠ 12 ಇಂಚು ಇಳಿಯಬೇಕು, 18 ಇಂಚು ಮೀರಬಾರದು ಎಂಬ ಮಾನದಂಡವನ್ನು ರೂಪಿಸಿಕೊಂಡಿತು. ಆದರೆ ಆ ಗಟ್ಟಿಯನ್ನು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಅದರ ಹದ ಸರಿಯಿದೆಯೇ ಎಂದು ತಿಳಿಯಲು, ಸೆಕೆಂಡಿಗೆ ಸುಮಾರು 590 ಅಡಿ ವೇಗದ ಉಕ್ಕಿನ ಚಿಕ್ಕ ಗುಂಡೊಂದು ಸುಮಾರು 8.5 ಸೆಂಟಿಮೀಟರ್ ಇಳಿಯುತ್ತದೆಯೇ ಎಂದು ಮೊದಲು ತಾಳೆ ನೋಡಬೇಕು. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಆ ಗಟ್ಟಿ ಗುಂಡು ಹಾರಿಸುವ ರೇಂಜಿಗೆ ತಲುಪುವಷ್ಟರಲ್ಲೇ ಮೆತ್ತಗಾಗುತ್ತದೆ. ಪ್ರಾಣಿಗಳ ಚರ್ಮ, ಮೂಳೆಗಳಿಂದ ತಯಾರಾದ ಅದನ್ನು ನಮ್ಮಂಥ ಶಾಕಾಹಾರಿಗಳ ಮನೆಯ ಫ್ರಿಜ್ಜಿನಲ್ಲಿ ಇಡುವುದೂ ಸರಿಯಲ್ಲ.

ಹಾಗಾಗಿ ನಾನು ಆರಿಸಿಕೊಂಡದ್ದು ಹಳೆಯ ಪತ್ರಿಕೆಗಳ ರದ್ದಿ. ನುಣುಪು ಕಾಗದದ ಪುರವಣಿಗಳು ಸರಿಯಾಗಿ ನೆನೆಯುವುದಿಲ್ಲವಾದ್ದರಿಂದ ಅವನ್ನು ಬೇರ್ಪಡಿಸಿ, ಉಳಿದದ್ದನ್ನು ರಾತ್ರಿಯಿಡೀ ಟಬ್ಬಿನಲ್ಲಿ ನೆನೆಸಿ, ನೀರು ಬಸಿದು, ಟೊಮೆಟೊ ಕ್ರೇಟುಗಳಲ್ಲಿ ಒತ್ತಾಗಿ ನಿಲ್ಲಿಸಿ ಸುತಳಿಯಿಂದ ಬಿಗಿಯುತ್ತೇನೆ. ನಡುನಡುವೆ ಅಂಕಿ ಬರೆದ ರಟ್ಟಿನ ಹಾಳೆಯಿಟ್ಟರೆ ಗುಂಡು ಎಲ್ಲಿ ನಿಂತಿತೆಂದು ಹುಡುಕುವುದು ಸುಲಭ. ಇಡೀ ಕೆಲಸದ ಜೀವಾಳವಿರುವುದು ತೇವದಲ್ಲಿ: ಕಾಗದ ಒಣಗಿದಷ್ಟೂ ಗುಂಡು ಬೇಗ ನಿಲ್ಲುತ್ತದೆ. ಆದ್ದರಿಂದ ಪ್ರತಿ ಕಟ್ಟನ್ನೂ ತಕ್ಕಡಿಗೆ ಹಾಕಿ, ಒಂದೇ ಅಳತೆಯ ಕಟ್ಟುಗಳು ಒಂದೇ ತೂಕಕ್ಕೆ ಬರುವವರೆಗೆ ಬಸಿಯಲು ಬಿಡುತ್ತೇನೆ. ಇಲ್ಲಿ ಸಿಕ್ಕ ಇಂಚುಗಳನ್ನು ಜೆಲಟಿನ್ನಿನ ಇಂಚುಗಳಿಗೆ ಸರಿಹಚ್ಚಲು ಬರುವುದಿಲ್ಲ. ಒಂದು ಗುಂಡನ್ನು ಇನ್ನೊಂದರೊಡನೆ ಹೋಲಿಸಿ ನೋಡುವುದಕ್ಕೆ ಮಾತ್ರ ಇದು ನಂಬಿಕಸ್ಥ ಸಾಧನ.

ಹೊಲದ ಎರೆಮಣ್ಣನ್ನು ನಾದಿ ಗಟ್ಟಿ ಕಟ್ಟಿಯೂ ಪರೀಕ್ಷಿಸಿದೆ. ಹಸಿ ಮಣ್ಣು ಹಿಗ್ಗಿದ ಮೇಲೆ ಮರಳಿ ಕುಗ್ಗುವುದಿಲ್ಲ, ಮಾಂಸ ಬಹುಪಾಲು ಕುಗ್ಗುತ್ತದೆ. ಆದ್ದರಿಂದ ಮಣ್ಣಿನಲ್ಲಿ ಕಾಣುವ ದೊಡ್ಡ ಪೊಳ್ಳು ನೋಡುವವರನ್ನು ದಾರಿ ತಪ್ಪಿಸುತ್ತದೆ. ಗುಂಡು ತಗಲಿದ ನೀರಿನ ಕ್ಯಾನುಗಳು ಸಿಡಿಯುವ ಅಬ್ಬರಕ್ಕೂ ಇದೇ ಮಾತು ಸಲ್ಲುತ್ತದೆ.

ಬಟ್ಟೆಯ ಪರೀಕ್ಷೆಗೆ ಕಟ್ಟಿನ ಮುಂದೆ ಒಮ್ಮೆ ಜೀನ್ಸ್ ಬಟ್ಟೆಯ 4 ಪದರ, ಇನ್ನೊಮ್ಮೆ ನಮ್ಮ ಕಡೆಯ ಕುರಿ ಉಣ್ಣೆಯ ಕಂಬಳಿ ಹೊದಿಸಿದೆ. ತುದಿಯಲ್ಲಿ ಪೊಳ್ಳಿರುವ ಗುಂಡಾದರೆ ಆ ಪೊಳ್ಳಿನಲ್ಲಿ ಬಟ್ಟೆಯ ಎಳೆ ತುಂಬಿಕೊಂಡು ಅದು ಅರಳದೆ, ಅಂದರೆ ಮೂಗು ಹಿಗ್ಗಿ ಅಗಲವಾಗದೆ, ಹೋಗಬಹುದು. ನನ್ನದು ಮೂಗು ದುಂಡಗಿರುವ, ನಿಧಾನ ಗತಿಯ ಸೀಸದ ಗುಂಡು; ಬಟ್ಟೆ ಇದ್ದರೂ ಇಲ್ಲದಿದ್ದರೂ ಅದು ಅರಳಲಿಲ್ಲ. ನಳಿಗೆಯ ಸುರುಳಿ ಗೀರುಗಳನ್ನು ಬಿಟ್ಟರೆ ಹೆಚ್ಚೇನೂ ಬದಲಾಗದೆ ಹೊರಬಂತು.

ಇವೆಲ್ಲವನ್ನೂ ಮಾಡಿದ್ದು ಅನುಮತಿ ಪಡೆದು, ರೈಫಲ್ ಕ್ಲಬ್ಬಿನ ರೇಂಜಿನಲ್ಲಿ, ಎತ್ತರದ ಮಣ್ಣಿನ ಏರಿಯನ್ನು ಬೆನ್ನಿಗಿಟ್ಟುಕೊಂಡ ಗುರಿಗಳ ಮೇಲೆ. ಪರವಾನಗಿ ಇದೆಯೆಂದು ಹಿತ್ತಿಲಲ್ಲೋ ಹೊಲದಲ್ಲೋ ಇದನ್ನು ಯಾರೂ ಮಾಡಬಾರದು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲೇಬೇಕು. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರಬಾರದು. ಸೀಸ ಸೇರಿರಬಹುದಾದ್ದರಿಂದ ಹೊಡೆದ ರದ್ದಿಯನ್ನು ತಿಪ್ಪೆಗೂ ಹಾಕಬಾರದು.

ನನಗೆ ಎಲ್ಲಕ್ಕಿಂತ ಉಪಯೋಗವಾದದ್ದು ಹಳೆಯ ಮತ್ತು ಹೊಸ ಪೆಟ್ಟಿಗೆಗಳ ಹೋಲಿಕೆ. ಹಲವು ಮಳೆಗಾಲ ಕಪಾಟಿನಲ್ಲೇ ಕಳೆದ ಕಾಡತೂಸುಗಳು ಒಂದೇ ತೂಕದ ಕಟ್ಟಿನಲ್ಲಿ ಹೊಸವುಗಳಿಗಿಂತ ಕಡಿಮೆ ಆಳಕ್ಕೆ ಇಳಿದವು, ಅವುಗಳ ಆಳವೂ ಒಂದರಂತೆ ಒಂದಿರಲಿಲ್ಲ. ಈಗ ಹಳೆಯ ಪೆಟ್ಟಿಗೆಯನ್ನು ಅಭ್ಯಾಸಕ್ಕೆಂದು ತೆಗೆದಿಟ್ಟಿದ್ದೇನೆ. ರಕ್ಷಣೆಗೆ ಹೊಸದನ್ನೇ ಬಳಸುತ್ತೇನೆ.