ಎಸ್‌ಎಸ್‌ಎಚ್ ಪ್ಯಾಚ್: ನಂಬರ್ ನೋಡಿ ಸುಮ್ಮನಾಗಬೇಡಿ

2024ರ ಜುಲೈನಲ್ಲಿ ಹೊರಬಿದ್ದ ಓಪನ್‌ಎಸ್‌ಎಸ್‌ಎಚ್ (ಸರ್ವರಿಗೆ ದೂರದಿಂದ ಲಾಗಿನ್ ಆಗಲು ಬಳಸುವ ಸಾಫ್ಟ್‌ವೇರ್) ದೋಷ, ಸಿವಿಇ-2024-6387 (ಸಿವಿಇ ಅಂದರೆ ಭದ್ರತಾ ದೋಷಕ್ಕೆ ಕೊಡುವ ಗುರುತಿನ ನಂಬರ್), ನಿಮ್ಮ ಲಿನಕ್ಸ್ ಸರ್ವರಿನಲ್ಲಿ ಇನ್ನೂ ಉಳಿದಿದೆಯಾ? ಪಾಸ್‌ವರ್ಡೇ ಇಲ್ಲದೆ ಹೊರಗಿನವರು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಒಳಗೆ ಬರಬಹುದು. ದಯವಿಟ್ಟು ಮುಂದೂಡಬೇಡಿ.

ಓಪನ್‌ಎಸ್‌ಎಸ್‌ಎಚ್ 9.8 ಆವೃತ್ತಿಯಲ್ಲಿ ಇದು ಸರಿಹೋಗಿದೆ. ಆದರೆ ಡೆಬಿಯನ್, ಉಬುಂಟುನಂಥ ಲಿನಕ್ಸ್‌ಗಳು ಹಳೇ ಆವೃತ್ತಿಗೇ ಪ್ಯಾಚ್ (ದೋಷದ ತಿದ್ದುಪಡಿ) ಸೇರಿಸಿ ಕೊಡುತ್ತವೆ. ಹಾಗಾಗಿ ಆವೃತ್ತಿ ನಂಬರ್ ಒಂದನ್ನೇ ನಂಬಬೇಡಿ, ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) ಈ ಸಿವಿಇ ಹುಡುಕಿ.

ಅಪ್‌ಡೇಟ್ ಆದ ಮೇಲೆ ಎಸ್‌ಎಸ್‌ಎಚ್ ಸರ್ವಿಸ್ ರೀಸ್ಟಾರ್ಟ್ ಆಗಲೇಬೇಕು. ಇಲ್ಲದಿದ್ದರೆ ಮೆಮರಿಯಲ್ಲಿ ಹಳೇದೇ ಓಡುತ್ತಿರುತ್ತದೆ. ಆಗ ತೆರೆದಿರುವ ಸೆಷನ್ ಮಾತ್ರ ಮುಚ್ಚಬೇಡಿ. ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡಿ, ಆಮೇಲೆ ಮುಚ್ಚಿ.

ಇವತ್ತೇ ಪ್ಯಾಚ್ ಮಾಡೋಕೆ ಆಗಲ್ವಾ? ಎಸ್‌ಎಸ್‌ಎಚ್ ಸರ್ವರಿನ sshd_config ಫೈಲಿನಲ್ಲಿ ಲಾಗಿನ್‌ಗ್ರೇಸ್‌ಟೈಮ್ (LoginGraceTime, ಲಾಗಿನ್ ಮುಗಿಸಲು ಕೊಡುವ ಸಮಯ) 0 ಮಾಡಿ, ಅಂದರೆ ಸಮಯದ ಮಿತಿಯೇ ಇರಲ್ಲ. ಆದರೆ ಯಾರಾದರೂ ಕನೆಕ್ಷನ್‌ಗಳನ್ನೆಲ್ಲ ಹಿಡಿದಿಟ್ಟು ನಿಮಗೇ ಲಾಗಿನ್ ಸಿಗದ ಹಾಗೆ ಮಾಡಬಹುದು. ಅದಕ್ಕೇ ಫೈರ್‌ವಾಲ್‌ನಲ್ಲಿ ನಿಮ್ಮ ಐಪಿಗಳಿಗಷ್ಟೇ ದಾರಿ ಬಿಡಿ.